ಘಾಟು ಕಳೆದು ಉಳಿದದ್ದು

ಮುಂಬೈ, ಫೆಬ್ರುವರಿ ೨೦೦೪

ಬ್ಯಾಡಗಿಯ ಅಪ್ಪಗ ಮಗಳು ಶ್ರೀದೇವಿಯ ನಮಸ್ಕಾರ.

ನಿಮ್ಮ ಪತ್ರ ಮುಟ್ಟಿತು. ಅವ್ವನ ಕೆಮ್ಮು ಮೆಣಸಿನಕಾಯಿ ಘಾಟಿಂದು, ಸೀಜನ್‌ದಾಗ ಊರಿಗೆ ಊರೇ ಕೆಮ್ಮತೈತಿ ಅಂತ ಬರ್ದೀರಿ. ಇಷ್ಟು ದಿನ ನಾನೂ ಹಂಗ ತಿಳಕೊಂಡಿದ್ದೆ.

ಲ್ಯಾಬಿನ್ಯಾಗ ಏನು ಮಾಡ್ತೀ ಅಂತ ಕೇಳೀರಿ. ಯಂತ್ರದಿಂದ ಬರೋ ಸಣ್ಣ ಕಣಗಳನ್ನ ಎಣಸ್ತೇವಿ. ಎಷ್ಟು ಬರಬೇಕು ಅಂತ ಮೊದಲ ಲೆಕ್ಕಾ ಹಾಕಿರ್ತೇವಿ. ಆದರ ಯಂತ್ರ ಬಂದ್ ಇದ್ದಾಗೂ ಒಂದಿಷ್ಟು ಬರತಾವು. ಅದಕ್ಕ ಬೇಕಂತನ ಬಂದ್ ಮಾಡಿ ಒಮ್ಮೆ ಎಣಿಸಬೇಕು. ಆಗ ಸಿಕ್ಕದ್ದನ್ನ ಯಂತ್ರದ ಮ್ಯಾಲೆ ಹಾಕಾಕ ಬರೂದಿಲ್ಲ.

ಮೊನ್ನೆ ರಾಣೇಬೆನ್ನೂರಿಗೆ ಸುರೇಖಾ ಚಿಗವ್ವಗ ಫೋನ್ ಮಾಡಿದ್ದೆ. ಅವ್ವ ಹೋದ ತಿಂಗಳಿಂದ ಅಲ್ಲೇ ಅದಾಳಲ್ಲ. ಮಾತಾಡುವಾಗ ಹಿಂದ ಯಾರೋ ಒಂದೇ ಸವನ ಕೆಮ್ಮಿದರು. "ಯಾರದು, ಅವ್ವೇನು?" ಅಂದೆ. "ಟಿ.ವಿ. ಬಿಡವಾ, ಧಾರಾವಾಹಿ ಹಚ್ಚೇವಿ" ಅಂದ್ಲು ಚಿಗವ್ವ.

ಚಿಗವ್ವನ ಓಣ್ಯಾಗ ಮೆಣಸಿನಕಾಯಿ ಘಾಟಿಲ್ಲ, ಅಪ್ಪಾ.

ಈ ಸೋಮವಾರ ಅವ್ವನ್ನ ಚಿಗವ್ವನ ಮನಿಯಿಂದನ ಹಾವೇರಿಗೆ ಕರಕೊಂಡು ಹೋಗಿ ಎದಿ ಎಕ್ಸ್‌ರೇ ತೆಗಸ್ರಿ. ಸೀಜನ್ ಮುಗೀಲಿ ಅಂತ ಆಕಿ ಅಂದರ ಕೇಳಬ್ಯಾಡ್ರಿ, ನೀವೂ ಅನಬ್ಯಾಡ್ರಿ. ಫಿಲ್ಮ್ ಮಡಚಬ್ಯಾಡ್ರಿ, ಮುಂಬೈಗೆ ಬರೋ ನಮ್ಮೂರ ಶಶಿಕಾಂತಣ್ಣನ ಕೈಯಾಗ ಕಳಸ್ರಿ. ಇಲ್ಲಿ ಡಾಕ್ಟರಿಗೆ ತೋರಸ್ತೇನಿ.

ಫಲಿತಾಂಶ ಹಿಂಗ ಬರಲಿ ಅಂತ ಮೊದಲ ಬಯಸಬಾರದು. ನಮ್ಮ ಕೆಲಸದಾಗ ಅದು ಕಟ್ಟುನಿಟ್ಟು, ನಾನೂ ಎಂದೂ ಮೀರಿಲ್ಲ.

ಈ ಸಲ ಅದು ಟಿ.ವಿ.ನೇ ಆಗಿರಲಿ.

ನಿಮ್ಮ
ಶ್ರೀದೇವಿ