ಬೆರಳುಗಳು ಇನ್ನೂ ಓಡುತ್ತಿವೆ, ಶಂಭು

ಶಂಭು,

ಒಂದು ಕಳವನ್ನು ವಿಧಿವತ್ತಾಗಿ ಒಪ್ಪಿಕೊಳ್ಳುತ್ತಿದ್ದೇನೆ. ನಿನ್ನ ಅತ್ತಿಗೆಯ ಮಂಡಿನೋವಿನ ಎಣ್ಣೆ ಕದ್ದು ನನ್ನ ಬೆರಳುಗಳಿಗೆ ಹಚ್ಚಿಕೊಂಡೆ. ನಿನ್ನೆ ಮಾಗಡಿಯ ಆರತಕ್ಷತೆಯಲ್ಲಿ ನಮ್ಮ ಆರ್ಕೆಸ್ಟ್ರಾ ಇತ್ತು, ಬೇಸ್ ಗಿಟಾರ್ ಎಂದಿನಂತೆ ನನ್ನದೇ.

"ಅಣ್ಣ, ಬೆರಳು ಓಡದಿದ್ರೆ ಮುಂದ್ಕೆ ಬೇಸ್‌ನ ಕೀಬೋರ್ಡಲ್ಲೇ ನುಡುಸ್ಕತೀವಿ, ಬೇಜಾರ್ ಮಾಡ್ಕಬೇಡ," ಎಂದಿದ್ದ ಮಾಲೀಕ ಮನೋಹರ್.

"ಬೇಸ್ ನಂದು, ಬೇಸರ ನಿಂದು ಕಣ್ಲಾ," ಎಂದೆ.

ನೀನು ತೀರಿಕೊಂಡ ಮೇಲೆ ಗಿಟಾರ್ ಮುಟ್ಟಿದ್ದು ಇದೇ ಮೊದಲು. ಅರವತ್ತು ದಾಟಿದರೂ ಒಂದು ಸ್ವರವೂ ತಪ್ಪಲಿಲ್ಲ. ಯಾರು ಬೇಡವೆಂದರೂ ಮುಂದಿನ ವಾರ ಕನಕಪುರದಲ್ಲಿ ನುಡಿಸಿಯೇ ನುಡಿಸುತ್ತೇನೆ.

ಆದರೆ ಹಾಡು ಎಲ್ಲಿ ಮುಗಿಯುತ್ತದೆಂದು ನಾನು ಯಾವತ್ತೂ ಕಲಿತಿರಲೇ ಇಲ್ಲ. ಡ್ರಮ್ಮಿನ ಪೆಡಲ್ ಮೇಲೆ ನಿನ್ನ ಕಾಲು ನಿಂತಾಗ ನಿಲ್ಲಿಸುತ್ತಿದ್ದೆ. ನಿನ್ನೆ ಎಲ್ಲರೂ ನಿಲ್ಲಿಸಿದರು, ಜನ ಚಪ್ಪಾಳೆಯನ್ನೂ ತಟ್ಟಿ ಮುಗಿಸಿದರು. ನಾನೊಬ್ಬ ಇನ್ನೂ ನುಡಿಸುತ್ತಲೇ ಇದ್ದೆ.