ದೇವದಾರಿನ ಪೆಟ್ಟಿಗೆಯೂ ಶೆರಿಫ್ ಎಂಬ ಹಾವೂ

ಮೌಂಟನ್ ಗ್ರೋವ್, ಮಿಸೌರಿ
ಅಕ್ಟೋಬರ್ ೧೪, ಮಂಗಳವಾರ

ಪ್ರೀತಿಯ ಎಲ್ಡನ್,

ಸೊಂಟದ ನೋವು ಹೇಗಿದೆ? ನಿದ್ದೆ ಬರುತ್ತಿದೆಯೇ? ಆಸ್ಪತ್ರೆಯ ಕಾಫಿಯನ್ನು ಬೈದುಕೊಂಡೇ ಕುಡಿಯುತ್ತಿದ್ದೀಯೆಂದು ನರ್ಸ್ ಹೇಳಿದಳು. ಬೈಯುವಷ್ಟು ಶಕ್ತಿ ಬಂದಿದೆಯಲ್ಲ ಎಂದು ನನಗೆ ಸಮಾಧಾನವಾಯಿತು. ಆದರೆ ವಾಕರ್ ತಂದು ಎದುರಿಗಿಟ್ಟರೆ ಗೋಡೆಯ ಕಡೆ ಮುಖ ತಿರುಗಿಸಿ ಮಲಗುತ್ತೀಯಂತೆ. ಹೋದ ಸಲ ನಾನು ಬಂದಾಗಲೂ ಅದೇ ರಾಗ: "ಶೆಡ್ಡಿನಲ್ಲಿರೋ ಗರಗಸ, ಉಳಿ ಎಲ್ಲಾ ಮಾರಿಬಿಡು ಲೂಯೆಲಾ, ನಾನಿನ್ನು ಎದ್ದು ಕೆಲಸ ಮಾಡೋದು ಅಷ್ಟರಲ್ಲೇ ಇದೆ." ದಾರಿಯುದ್ದಕ್ಕೂ ಆ ಮಾತು ನನ್ನನ್ನು ಕೊರೆಯಿತು. ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಮಂದ ಕಿವಿಗೆ ಮುಟ್ಟುವಷ್ಟರಲ್ಲಿ ಅರ್ಧ ಊರಿಗೆ ಕೇಳಿಸಿರುತ್ತದೆ.

ಹಾವು ಬಂತು. ಮೊಮ್ಮಗಳ ಹನ್ನೆರಡನೆಯ ಹುಟ್ಟುಹಬ್ಬಕ್ಕೆ ನೀನು ಮಾತು ಕೊಟ್ಟಿದ್ದೆಯಲ್ಲ, ಅದೇ ಕಿತ್ತಳೆ ಪಟ್ಟೆಯ, ವಿಷವಿಲ್ಲದ ಕಾರ್ನ್ ಸ್ನೇಕ್. ಟ್ರುಡಿ ಅದಕ್ಕೆ ಶೆರಿಫ್ ಎಂದು ಹೆಸರಿಟ್ಟಿದ್ದಾಳೆ. ಈ ಮನೆಯಲ್ಲಿ ಹಾವು ಕಾಲಿಟ್ಟರೆ ನಾನು ಹೊರಗೆ ಕಾಲಿಡುತ್ತೇನೆ ಎಂದಿದ್ದೆ ನಿಜ. ಹಾವಿಗೆ ಕಾಲಿಲ್ಲವಾದ್ದರಿಂದ ಆ ಮಾತು ಲೆಕ್ಕಕ್ಕಿಲ್ಲ ಎಂದು ನಿನ್ನ ಮೊಮ್ಮಗಳು ವಾದಿಸಿ ಗೆದ್ದಳು. ತಂದವಳು ಸ್ಕೂಲ್ ಬಸ್ ಓಡಿಸುವ ಗ್ಲೆಂಡಾ. ಅವಳ ನೆಲಮಾಳಿಗೆಯಲ್ಲಿ ಮರಿ ಮಾಡಿಸಿದ ಹಾವು. ದಿಂಬಿನ ಚೀಲದಲ್ಲಿ ಹಾಕಿ ಬಾಯಿಗೆ ಗಂಟು ಬಿಗಿದು, ಸೇಬಿನ ಪೈ ತಂದವಳ ಹಾಗೆ ನಗುತ್ತಾ ಒಳಗೆ ಬಂದಳು.

ನಾವು ಎಲ್ಲವನ್ನೂ ಸಿದ್ಧಮಾಡಿಟ್ಟುಕೊಂಡಿದ್ದೆವು. ನೀನು ಬೀಳುವ ಮೊದಲು ಹಾವಿಗೆಂದು ಮಾಡಿ ಮುಗಿಸಿದ್ದ ಆ ದೇವದಾರಿನ ಪೆಟ್ಟಿಗೆಯನ್ನು ಒರೆಸಿ, ಕಿಟಕಿಯ ಬಿಸಿಲು ನೇರ ಬೀಳದ ಜಾಗದಲ್ಲಿಟ್ಟು, ಒಂದು ತುದಿಯ ಕೆಳಗೆ ಕರೆಂಟಿನಲ್ಲಿ ಬಿಸಿಯಾಗುವ ಚಾಪೆ, ಬಿಸಿ ಜಾಸ್ತಿಯಾದರೆ ತಾನೇ ಆರುವ ಸ್ವಿಚ್ಚು, ಇನ್ನೊಂದು ತುದಿಯಲ್ಲಿ ನೀರಿನ ಬಟ್ಟಲು ಇಟ್ಟಿದ್ದೆವು. ಬೆಚ್ಚಗಿನ ಕಡೆಗೊಂದು, ತಣ್ಣನೆಯ ಕಡೆಗೊಂದು ಅಡಗುಗೂಡು ಬೇಕಂತೆ. ಒಂದೇ ಇಟ್ಟರೆ ಅದು ಚಳಿಯಾದರೂ ಸರಿ, ಸೆಕೆಯಾದರೂ ಸರಿ ಎಂದು ಅಲ್ಲೇ ಮುದುಡಿಕೊಂಡು ಕೂತಿರುತ್ತದಂತೆ. ಇದನ್ನೆಲ್ಲ ಟ್ರುಡಿ ಓದಿ ತಿಳಿದುಕೊಂಡಿದ್ದಳು. ತಳಕ್ಕೆ ಹಾಸಲು ನಿನ್ನ ಶೆಡ್ಡಿನಿಂದ ದೇವದಾರಿನ ಹೆರೆಪುಡಿಯನ್ನು ಬುಟ್ಟಿ ತುಂಬಾ ತಂದು ಸುರಿದವಳು ಮಾತ್ರ ನಾನು. ನಾಯಿ ಮಲಗುವುದು ಅದರ ಮೇಲೆ, ನನ್ನ ಮದುವೆಯ ಪೆಟ್ಟಿಗೆ ಅದರದ್ದೇ, ಕೋಟು ನೇತುಹಾಕುವ ಕಪಾಟೂ ಅದರದ್ದೇ. ಈ ಗುಡ್ಡಗಳಲ್ಲಿ ಹುಟ್ಟಿದವರಿಗೆ ಒಳ್ಳೆಯದು ಎಂದರೆ ದೇವದಾರು.

ಗ್ಲೆಂಡಾ ಮುಚ್ಚಳ ಎತ್ತಿದಳು. ಮೂಗು ಅರಳಿತು. ನಗು ಹೋಯಿತು. "ಲೂಯೆಲಾ, ಇದು ದೇವದಾರು ಅಲ್ವೇನೆ?" ಎಂದಳು. ಹೌದು, ನನ್ನ ಗಂಡನ ಕೈಕೆಲಸ ಎಂದು ನಾನು ಹೆಮ್ಮೆಯಿಂದ ಹೇಳಿದೆ. ಅವಳು ಚೀಲದ ಗಂಟನ್ನು ಇನ್ನಷ್ಟು ಬಿಗಿದು, "ಈ ಪೆಟ್ಟಿಗೆಗೆ ನಾನು ಹಾವು ಕೊಡಲ್ಲ ಕಣೆ, ಬೇಜಾರು ಮಾಡ್ಕೋಬೇಡ. ಇದರ ಘಾಟಿಗೆ ಅದರ ಶ್ವಾಸಕೋಶ ಸುಟ್ಟುಹೋಗುತ್ತೆ" ಎಂದಳು. ನುಸಿ ಬರದಿರಲಿ ಎಂದು ಜೀವಮಾನವಿಡೀ ಉಣ್ಣೆಬಟ್ಟೆಯ ನಡುವೆ ದೇವದಾರಿನ ಚಕ್ಕೆ ಇಟ್ಟವಳು ನಾನು. ನುಸಿ ಯಾಕೆ ಬರುವುದಿಲ್ಲ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ ನೋಡು. ನಮಗೆ ಸುವಾಸನೆಯಾದದ್ದು ಅದಕ್ಕೆ ವಿಷ. ಆಗಿನಿಂದ ಮನೆಯಲ್ಲಿ ಏನನ್ನು ಕಂಡರೂ ಇದು ಯಾರಿಗೆ ಆಗುವುದಿಲ್ಲವೋ ಎಂದು ಯೋಚಿಸುವ ಹುಚ್ಚು ಹಿಡಿದಿದೆ.

ಸದ್ಯಕ್ಕೆ ಶೆರಿಫ್ ಒಂದು ಪ್ಲಾಸ್ಟಿಕ್ ಡಬ್ಬದಲ್ಲಿದ್ದಾನೆ. ಗಾಳಿಗೆ ತೂತು ಕೊರೆದು, ಮುಚ್ಚಳಕ್ಕೆ ಕ್ಲಿಪ್ಪು ಹಾಕಿ, ಘಾಟಿಲ್ಲದ ಆಸ್ಪೆನ್ ಮರದ ಹೆರೆಪುಡಿ ಹಾಸಿದ್ದೇವೆ. ಮೊದಲ ವಾರ ಯಾರೂ ಮುಟ್ಟಬಾರದೆಂದು ಗ್ಲೆಂಡಾ ಹೇಳಿಹೋಗಿದ್ದಳು. ಮುಟ್ಟಲಿಲ್ಲ, ಆದರೆ ಕುರ್ಚಿ ಎಳೆದುಕೊಂಡು ಕೂತು ನೋಡಿದೆ. ಅದಕ್ಕೆ ರೆಪ್ಪೆಯೇ ಇಲ್ಲ ಎಲ್ಡನ್, ಚರ್ಚಿನಲ್ಲಿ ನೀನು ಮಲಗುವ ಹಾಗೆ ಕಣ್ಣು ಬಿಟ್ಟುಕೊಂಡೇ ಮಲಗುತ್ತದೆ. ಆಮೇಲೊಂದು ದಿನ ಟ್ರುಡಿ ನನ್ನ ಕೈಗಿತ್ತಳು. ಒದ್ದೆಯಾಗಿರುತ್ತದೆ ಎಂದುಕೊಂಡಿದ್ದೆ, ಒಣಗಿತ್ತು, ನುಣುಪಾಗಿತ್ತು. ಮಣಿಕಟ್ಟಿಗೆ ಸುತ್ತಿಕೊಂಡಾಗ ಹೆದರಿಕೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅದರ ಊಟ ನಿನ್ನ ಜಿಂಕೆ ಸಾಸೇಜಿನ ಪಕ್ಕದಲ್ಲೇ, ಫ್ರೀಜರಿನಲ್ಲಿ, ಕಾಫಿ ಡಬ್ಬಿಯೊಳಗಿದೆ. ನಮ್ಮ ಮಗ ವೇಡ್ ಐಸ್‌ಕ್ರೀಮ್ ಹುಡುಕಲು ಹೋಗಿ ಆ ಡಬ್ಬಿ ತೆರೆದು, "ಅಮ್ಮಾ, ಇದರಲ್ಲಿ ಇಲಿಮರಿ ಇದೆಯಲ್ಲೇ!" ಎಂದು ಕೂಗಿದ್ದು ಪಕ್ಕದ ಮನೆಯವರಿಗೂ ಕೇಳಿಸಿತು.

ಈಗ ಕಷ್ಟದ ಮಾತು. ಭಾನುವಾರ ನೀನು ಫೋನಿನಲ್ಲಿ ಟ್ರುಡಿಯನ್ನು "ಪೆಟ್ಟಿಗೆ ಹಿಡಿಸ್ತೇನಮ್ಮ ನಿನ್ನ ಹಾವಿಗೆ?" ಎಂದು ಕೇಳಿದೆ. "ತುಂಬಾ ಹಿಡಿಸ್ತು ತಾತ" ಎಂದು ಹೇಳಿ ಫೋನಿಟ್ಟವಳು ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. "ಹೇಳ್ಬೇಡ ಅಜ್ಜಿ. ತಾತ ಕೊನೇದಾಗಿ ಮಾಡಿದ್ದು ಅದು" ಅಂದಳು. ಆ 'ಕೊನೇದಾಗಿ' ಎಂಬ ಮಾತನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಮಾತು ಅವಳದ್ದಲ್ಲ, ಗೋಡೆಯ ಕಡೆ ತಿರುಗಿ ಮಲಗಿರುವ ನಿನ್ನದು. ಅದಕ್ಕೇ ಹೇಳುತ್ತಿದ್ದೇನೆ. ಬೇಸರಪಟ್ಟುಕೊ, ಪರವಾಗಿಲ್ಲ, ಆದರೆ ಮಗುವಿನ ಕೈಲಿ ಸುಳ್ಳು ಹೇಳಿಸಬೇಡ. ನಿನ್ನ ಪೆಟ್ಟಿಗೆ ನನ್ನ ಮಂಚದ ಕಾಲ್ದೆಸೆಯಲ್ಲಿದೆ. ನಿನ್ನ ಚಳಿಗಾಲದ ಕೋಟನ್ನು ಮಡಿಸಿ ಅದರಲ್ಲಿಟ್ಟಿದ್ದೇನೆ. ನುಸಿ ಅದರ ಹತ್ತಿರ ಸುಳಿಯುವುದಿಲ್ಲ.

ವೇಡ್ ನಿನ್ನ ಆರೋಗ್ಯ ವಿಚಾರಿಸಿದ್ದಾನೆ. ನಾಯಿ ಈಗಲೂ ಶೆಡ್ಡಿನ ಬಾಗಿಲಲ್ಲೇ ಮಲಗುತ್ತದೆ. ದೇವರು ನಿನ್ನ ಮೂಳೆಗೆ ಬಲ ಕೊಡಲಿ, ತಲೆಯ ಹಟವನ್ನು ಸ್ವಲ್ಪ ಇಳಿಸಲಿ.

ನಿನ್ನ
ಲೂಯೆಲಾ

ಮರೆತಿದ್ದೆ: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನೀನು ಹೇಳಿದೆಯೆಂದು ಗರಗಸ ನೋಡಲು ಒಬ್ಬರನ್ನು ಕರೆಸಿದ್ದೆ. ಟ್ರುಡಿ ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತು "ಇದು ಮಾರೋಕಿಲ್ಲ, ತಾತನಿಗೆ ಕೆಲಸ ಇದೆ" ಎಂದು ಅವರನ್ನು ವಾಪಸು ಕಳಿಸಿದಳು. ಹೊಸ ಪೆಟ್ಟಿಗೆಗೆಂದು ಘಾಟಿಲ್ಲದ ಬರ್ಚ್ ಮರದ ಪ್ಲೈವುಡ್ ತಂದು, ಶೆರಿಫ್ ಪೂರ್ತಿ ಬೆಳೆದರೆ ಎಷ್ಟು ಉದ್ದವಾಗುತ್ತಾನೋ ಅಷ್ಟುದ್ದಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟಿದ್ದಾಳೆ. ವೇಡ್ ಕುಯ್ದುಕೊಡುತ್ತೇನೆಂದರೂ ಮುಟ್ಟಗೊಡುವುದಿಲ್ಲ. ಒಂದು ಗೆರೆ ಸೊಟ್ಟಗಿದೆ ಎಲ್ಡನ್. ನಾನು ನೋಡಿಯೂ ಬಾಯಿಬಿಟ್ಟಿಲ್ಲ. ಅದನ್ನು ಅವಳಿಗೆ ಹೇಳಬೇಕಾದವನು ನೀನು, ನಡೆದು ಬಂದು ಹೇಳು.