ನಮ್ಮ ತೋಪಿನಲ್ಲಿ ಒಂದು ಪಾರಿವಾಳವೂ ಕೂರಲಿಲ್ಲ

ಬ್ಲೀಗಿಲ್ ಹೊಲಮನೆ, ಯಾರ್ಕ್‌ಶೈರ್
ಭಾನುವಾರ, ೧೯ ಫೆಬ್ರವರಿ ೧೯೬೭

ಪ್ರೀತಿಯ ವಿಲ್ಫ್,

ಆ ಮೊದಲ ಪದ ಅಭ್ಯಾಸದಿಂದ ಬಂದದ್ದು, ಅದನ್ನೇ ಹಿಡಿದುಕೊಂಡು ಹಿಗ್ಗಬೇಡ. ನಿನ್ನ ಕೆಮ್ಮು ಹೇಗಿದೆ? ವಿಟ್ಬಿಯ ಕಡಲ ಗಾಳಿ ನಿನ್ನ ಎದೆಗೆ ಆಗುವುದಿಲ್ಲವೆಂದು ನೀನು ಹುಟ್ಟಿದಾಗಿನಿಂದ ಬಲ್ಲೆ. ಉಣ್ಣೆಯ ಬನಿಯನ್ ಹಾಕಿಕೊಳ್ಳುತ್ತಿದ್ದೀಯೋ, ಅಥವಾ ಮೀನುಕಟ್ಟೆಯ ಗೆಳೆಯರು ನಗುತ್ತಾರೆಂದು ಪೆಟ್ಟಿಗೆಯಲ್ಲೇ ಇಟ್ಟಿದ್ದೀಯೋ? ನಾನು ಆರೋಗ್ಯವಾಗಿದ್ದೇನೆ. ನಿನ್ನ ಹೆಂಡತಿ ಮೋನಾ ಕೂಡ ಆರೋಗ್ಯವಾಗಿದ್ದಾಳೆ, ಆದರೆ ಅವಳ ಬಲಭುಜ ಬದನೆಕಾಯಿಯ ಬಣ್ಣಕ್ಕೆ ತಿರುಗಿದೆ, ಈ ದಿನ ಗಂಜಿಯನ್ನು ಎಡಗೈಯಲ್ಲಿ ಕುಡಿದಳು. ಯಾಕೆಂದು ಹೇಳುತ್ತೇನೆ. ಕೂತುಕೊಂಡು ಓದು.

ನಿನ್ನೆ ಬೆಳಿಗ್ಗೆ ನಾನು ಕೋಳಿಗಳಿಗೆ ಕಾಳು ಹಾಕುತ್ತಿದ್ದಾಗ ಪಕ್ಕದ ಹೊಲದ ಸೆಪ್ ಹಾರ್ಕರ್ ತನ್ನ ಇಬ್ಬರು ಆಳುಗಳನ್ನೂ ಮೂರು ಕೋವಿಗಳನ್ನೂ ಜೀಪಿನಲ್ಲಿ ಹೇರಿಕೊಂಡು ನಮ್ಮ ಅಂಗಳಕ್ಕೆ ಬಂದ. ಟೋಪಿ ಕೂಡ ತೆಗೆಯಲಿಲ್ಲ. "ಅಮ್ಮಾವ್ರೇ, ಇವತ್ತು ಪಾರಿವಾಳದ ಶನಿವಾರ ಅಲ್ವಾ, ಊರಿನ ಎಲ್ಲಾ ತೋಪಲ್ಲೂ ಕೋವಿ ನಿಲ್ಲೋ ದಿನ, ನೀವು ಬೆಚ್ಚಗೆ ಒಲೆ ಮುಂದೆ ಕೂತ್ಕಳಿ. ನಿಮ್ಮ ಎರಡೂ ತೋಪು ನಮ್ಮ ಹುಡುಗ್ರು ನೋಡ್ಕತಾರೆ. ವಿಲ್ಫ್ ನಂಗೆ ಕಾಗದ ಹಾಕಿದ್ದ, ಕೈ ಮುಗಿದು ಕೇಳ್ಕಂಡಿದ್ದ" ಅಂದ. ಕಾಳಿನ ಬುಟ್ಟಿ ನನ್ನ ಕೈಯಲ್ಲೇ ಇತ್ತು, ಅವನ ತಲೆಯ ಮೇಲೆ ಹೋಗಲಿಲ್ಲ ಎನ್ನುವುದು ದೇವರ ದಯೆ. ನಿನ್ನ ಅಪ್ಪ ತೀರಿಕೊಂಡು ನಾಲ್ಕು ತಿಂಗಳಾಗಿಲ್ಲ. "ಸ್ವಲ್ಪ ದಿನ ಯೋಚ್ನೆ ಮಾಡಿ ಬರ್ತೀನಿ" ಎಂದು ಕ್ರಿಸ್‌ಮಸ್ ಮುಗಿದ ಮರುದಿನ ವಿಟ್ಬಿಯ ಮೀನುಕಟ್ಟೆ ಕೆಲಸಕ್ಕೆ ಹೋದವನು ನೀನು. ನನಗೆ ಒಂದು ಸಾಲಿಲ್ಲ, ಕಟ್ಟಿಕೊಂಡವಳಿಗೆ ಒಂದು ಸಾಲಿಲ್ಲ, ಹಾರ್ಕರನಿಗೆ ಮಾತ್ರ ಕಾಗದ! ನಿನ್ನ ಮನೆಯ ಹೊಲ ಕಾಯಲು ನಿನ್ನ ತಾಯಿಯನ್ನು ಕೇಳಬೇಕೆಂದು ನಿನಗೆ ಅನ್ನಿಸಲೇ ಇಲ್ಲ.

ನೀನು ಏನು ಮಾಡಿದ್ದೀಯೆಂದು ನಿನಗೆ ಗೊತ್ತೋ ಇಲ್ಲವೋ, ಆದ್ದರಿಂದ ಬಿಡಿಸಿ ಬರೆಯುತ್ತೇನೆ. ಮಾರ್ಚ್ ಇಪ್ಪತ್ತೈದರ ಗೇಣಿ ದಿನ ಜಮೀನುದಾರರ ಏಜೆಂಟ್ ಬರುತ್ತಾನೆ. ಅಪ್ಪನ ನಂತರ ಈ ಹೊಲ ಯಾರ ಹೆಸರಿಗೆ ಎಂಬುದು ಅಂದೇ ತೀರ್ಮಾನ. ಕೆಳಗಿನ ಗೋಧಿ ಹೊಲದ ಮೇಲೆ ಹಾರ್ಕರನ ಕಣ್ಣು ನೀನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಇದೆ. ಅವನು ಏಜೆಂಟನ ಕಿವಿಯಲ್ಲಿ "ಪಾಪ, ಹಕ್ಕಿ ಓಡಿಸೋಕೂ ಆ ಮನೇಲಿ ಜನ ಇಲ್ಲ ಸ್ವಾಮಿ, ನಾನೇ ಕಳಿಸ್ಬೇಕಾಯ್ತು" ಎಂದು ಒಂದು ಮಾತು ಹಾಕಿದರೆ ಸಾಕು, ನಾವು ಗಂಟುಮೂಟೆ ಕಟ್ಟಬೇಕು. ಆ ಮಾತನ್ನು ನೀನೇ ಮಡಿಸಿ, ಅಂಚೆಚೀಟಿ ಹಚ್ಚಿ ಅವನ ಕೈಗೆ ಕೊಟ್ಟೆ.

ನಮ್ಮ ಮನೆಯಲ್ಲಿ ಎರಡು ಕೋವಿ ಇವೆ, ಹಿಡಿಯಲು ಇಬ್ಬರಿದ್ದೇವೆ, ನಿನ್ನ ಹುಡುಗರನ್ನು ಕರೆದುಕೊಂಡು ಹೊರಡು ಎಂದೆ. ಅಷ್ಟರಲ್ಲಿ ಮೋನಾ ಬಾಗಿಲಿಗೆ ಬಂದಿದ್ದಳು, ಮೈಮೇಲೆ ಹಲ್ ಬಂದರಿನ ಅವಳಪ್ಪನ ಮೀನಂಗಡಿಯ ಅದೇ ಹಳೆಯ ರಬ್ಬರ್ ಕೋಟು. ಹಾರ್ಕರ್ ಹೊಟ್ಟೆ ಕುಣಿಸಿ ನಕ್ಕ. "ಈ ಮೀನಂಗ್ಡಿ ಹುಡ್ಗಿನಾ? ಗುಂಡು ಯಾವ ಕಡೆಯಿಂದ ಬರುತ್ತೆ ಅಂತಾದ್ರೂ ಗೊತ್ತೇನಮ್ಮ?" ಎಂದು ಕೇಳಿದ. ಮೋನಾ ಶಾಂತವಾಗಿ, "ಗೊತ್ತಿಲ್ಲ ಮಾವ, ನಿಮ್ಮ ಕಡೆ ತಿರುಗ್ಸಿ ನೋಡ್ಲಾ?" ಎಂದಳು. ಅವನ ಆಳುಗಳೇ ನಕ್ಕುಬಿಟ್ಟರು. ಅವನು ಹೋದ, ಆದರೆ ಮನೆಗಲ್ಲ. ನಮ್ಮ ಓಣಿಯ ಗೇಟಿನಲ್ಲಿ ಜೀಪು ನಿಲ್ಲಿಸಿಕೊಂಡು ಮೂವರೂ ಕೂತರು, ಹೆಂಗಸರು ಸೋತು ಕೈಬಿಡುವುದನ್ನು ಕಾಯುತ್ತ.

ಪಾರಿವಾಳ ಇಳಿಯುವುದು ಮಧ್ಯಾಹ್ನದ ಮೇಲೆ, ಅದಕ್ಕೆ ಮೊದಲು ಗೋಧಿ ಮೇಯುವ ಮೊಲಗಳ ಕೆಲಸ. ಹವಾ ಎಂಥದ್ದೆಂದು ಕೇಳು. ಮಂಜು ಬೆರೆತ ಮಳೆ ಅಡ್ಡಡ್ಡ ಬೀಸುತ್ತಿತ್ತು, ಮೋಡ ಕಲ್ಲುಗೋಡೆಯವರೆಗೆ ಇಳಿದಿತ್ತು. ಅಪ್ಪನಿದ್ದಿದ್ದರೆ ಈ ಮಳೆಗೆ ಮೊಲ ಬಿಲ ಬಿಟ್ಟು ಬರುವುದಿಲ್ಲ ಎನ್ನುತ್ತಿದ್ದರು. ಆದರೆ ಹಳ್ಳ ಉಕ್ಕಿ ಬಿಲಗಳಿಗೇ ನೀರು ನುಗ್ಗಿತ್ತು. ಗೋಧಿ ಹೊಲದ ಬೇಲಿಯ ಬೇರುಗಳ ಕೆಳಗೆ ಮೊಲಗಳು ಒದ್ದೆ ಚೆಂಡುಗಳಂತೆ ಮುದುರಿಕೊಂಡಿದ್ದವು. ನಮ್ಮ ಒಕ್ಕಣ್ಣಿನ ನಾಯಿ ಜಿಪ್ ಮೂಸಿ ಮೂಸಿ ಎಬ್ಬಿಸಿತು. ನನ್ನ ಕನ್ನಡಕದ ಮೇಲೆ ನೀರು ಇಳಿಯುತ್ತಿದ್ದರಿಂದ ಕೆಲವು ಗುರಿ ತಪ್ಪಿದವು, ನಾಲ್ಕು ಬಿದ್ದವು. ಮೋನಾ ಅಲ್ಲೇ ಕುಕ್ಕುರುಗಾಲಲ್ಲಿ ಕೂತು ಹೊಟ್ಟೆ ಸೀಳಿ ಚೊಕ್ಕ ಮಾಡಿದಳು. "ಮೀನಿಗಿಂತ ಸುಲಭ ಅತ್ತೆ, ಕೈಯಿಂದ ಜಾರಲ್ಲ" ಅಂದಳು. ಮದುವೆಯಾದ ವರ್ಷ ರಕ್ತ ಕಂಡರೆ ಅವಳು ಮೂರ್ಛೆ ಹೋಗುತ್ತಾಳೆಂದು ನೀನು ಹೇಳಿದ್ದೆ. ಯಾರ ಬಗ್ಗೆ ಹೇಳಿದೆಯೋ.

ಮಧ್ಯಾಹ್ನದ ಮೇಲೆ ನಾನು ಮೇಲಿನ ತೋಪಿಗೆ ನಿಂತೆ, ಅವಳನ್ನು ಅಪ್ಪನ ಜೋಡುನಳಿಗೆಯ ಕೋವಿ ಕೊಟ್ಟು ಕೆಳಗಿನ ತೋಪಿಗೆ ನಿಲ್ಲಿಸಿದೆ. ಅಪ್ಪ ನಿನಗೆ ಹೇಳಿದ್ದನ್ನೇ ಅವಳಿಗೂ ಹೇಳಿದೆ: ಹಕ್ಕಿ ಬೀಳಿಸುವುದು ಈ ದಿನದ ಕೆಲಸವಲ್ಲ, ಕೂರಲು ಬಿಡದಿರುವುದು ಕೆಲಸ. ಊರಿನ ಎಲ್ಲ ತೋಪಿನಲ್ಲೂ ಕೋವಿ ಇದ್ದರೆ ಹಿಂಡು ಎಲ್ಲೂ ಇಳಿಯದೆ ಮುಂದೆ ಹೋಗುತ್ತದೆ. ಯಾವನ ತೋಪು ಸುಮ್ಮನಿರುತ್ತದೋ ಅವನ ಕೋಸು ಕತ್ತಲಾಗುವುದರೊಳಗೆ ಬರೀ ದಂಟು. ಆ ಮಬ್ಬಿನಲ್ಲಿ ಹಕ್ಕಿ ಎಲ್ಲಿ ಕಾಣಬೇಕು? ರೆಕ್ಕೆಯ ಸಪ್ಪಳ ಕೇಳಿದರೆ ಮೋನಾ ಹೊಡೆದಳು, ಕಾಗೆ ಕೂಗಿದರೆ ಹೊಡೆದಳು, ಗಾಳಿಗೆ ಕೊಂಬೆ ಮುರಿದರೂ ಹೊಡೆದಳು. ಮೊದಲ ಏಟಿಗೇ ಕೋವಿ ಭುಜಕ್ಕೆ ಒದ್ದು ಅವಳು ಹಿಂದಕ್ಕೆ ಬಿದ್ದು ಕಾಲುವೆಯಲ್ಲಿ ಕೂತದ್ದನ್ನು ನಾನು ಮೇಲಿನಿಂದ ಕಂಡೆ. ಕಾವಲು ಬಿಟ್ಟು ಹೋಗುವಂತಿರಲಿಲ್ಲ, ಹೋಗಲಿಲ್ಲ. ತಾನೇ ಎದ್ದಳು. ಗೇಟಿನ ಕಡೆಯಿಂದ ಹಾರ್ಕರ್ ಕೂಗುತ್ತಿದ್ದ, "ಅಮ್ಮಾವ್ರೇ, ನಿಮ್ಮ ಸೊಸೆ ಮೋಡಕ್ಕೆ ಗುರಿ ಇಟ್ಟವ್ಳೆ! ಇನ್ನೊಂದೇ ಏಟು, ಮಳೆ ನಿಂತೋಯ್ತದೆ!" ನನಗೆ ಬಿದ್ದದ್ದು ಏಳು ಹಕ್ಕಿ, ಅವಳಿಗೆ ಒಂದು, ಅದೂ ತಾನಾಗಿಯೇ ಬಂದು ಸಿಕ್ಕಿಕೊಂಡದ್ದು ಎಂದು ಅವಳೇ ಹೇಳುತ್ತಾಳೆ. ಆದರೆ ಹಿಂಡು ಬಂತು, ಸುತ್ತಿತು, ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ನಮ್ಮ ತೋಪಿನಲ್ಲಿ ಒಂದು ಪಾರಿವಾಳವೂ ಕೂರಲಿಲ್ಲ.

ಬೆಳಕು ಹೋಗುವ ಮುಂಚೆ ಒಂದು ಗಳಿಗೆ ಮೋಡ ಎದ್ದಿತು. ಹಳ್ಳದಾಚೆ ನೋಡಿದೆ. ಸಾವಿರಾರು ಹಕ್ಕಿ, ಬೂದು ಕಂಬಳಿ ಹಾಸಿದ ಹಾಗೆ, ಹಾರ್ಕರನ ಕೋಸಿನ ಮೇಲೆ. ಅವನ ತೋಪಿನಲ್ಲಿ ಒಂದು ಕೋವಿಯೂ ಇಲ್ಲ. ಎಲ್ಲಿಂದ ಇರಬೇಕು, ಮೂರೂ ನಮ್ಮ ಗೇಟಿನಲ್ಲಿ ಚಹಾ ಕುಡಿಯುತ್ತಿದ್ದವು! ನಾನು ಅವಸರ ಮಾಡದೆ ಇಳಿದುಹೋಗಿ, "ಸೆಪ್, ನಿನ್ನ ತೋಪಿಗೆ ಯಾರನ್ನ ನಿಲ್ಸಿದೀಯಪ್ಪಾ?" ಎಂದು ಕೇಳಿದೆ. ಅವನು ತಿರುಗಿ ನೋಡಿದ. ಆ ಮುಖವನ್ನು ನಿನ್ನ ಅಪ್ಪ ನೋಡಬೇಕಿತ್ತು. ಜೀಪು ಕೆಸರಿನಲ್ಲಿ ಹೂತಿತ್ತು. ನೂಕಿದವರಲ್ಲಿ ಮೋನಾಳೂ ಒಬ್ಬಳು. ಹೊರಡುವಾಗ ಎರಡು ಮೊಲ ಅವನ ಸೀಟಿನ ಮೇಲೆ ಇಟ್ಟೆ. ನಮ್ಮ ಹೊಲಕ್ಕೆ ಬಂದ ಕೋವಿಯವರನ್ನು ನಾವು ಬರಿಗೈಯಲ್ಲಿ ಕಳಿಸುವವರಲ್ಲ ಎಂದೆ. ಯಾವಾಗಲೂ ಮುಂದಿನ ಬೆಂಚಿನವನು, ಈ ದಿನ ಚರ್ಚಿನಲ್ಲಿ ಕಟ್ಟಕಡೆಯ ಬೆಂಚಿನಲ್ಲಿ ಕೂತಿದ್ದ.

ಇಷ್ಟಾದರೂ ನಿನ್ನ ಮೇಲಿನ ಸಿಟ್ಟು ಒಂದು ಗುಲಗಂಜಿಯಷ್ಟೂ ಇಳಿದಿಲ್ಲ. ಹೋದದ್ದಕ್ಕಲ್ಲ, ಹೋದ ಮೇಲೆ ಈ ಮನೆಯಲ್ಲಿ ಯಾರೂ ಉಳಿದಿಲ್ಲವೆಂದು ಎಣಿಸಿದ್ದಕ್ಕೆ. ನಿನ್ನೆ ಭುಜಕ್ಕೆ ಬಿಸಿ ಉಪ್ಪು ಒತ್ತಿಸಿಕೊಳ್ಳುವಾಗ ಮೋನಾ ನಿನ್ನ ಹೆಸರು ಎತ್ತಲಿಲ್ಲ. "ಅತ್ತೆ, ಬರೋ ಶನಿವಾರ ಮೇಲಿನ ತೋಪಿಗೆ ನಾನು ನಿಲ್ಲಲಾ? ಅಲ್ಲಿ ಕಾಲುವೆ ಇಲ್ಲ" ಎಂದಷ್ಟೇ ಕೇಳಿದಳು.

ಜಿಪ್ ನಿನ್ನ ಹಳೆಯ ಬೂಟಿನ ಮೇಲೆ ಮಲಗಿದೆ. ದೇವರು ನಿನ್ನ ಎದೆಯನ್ನು ಗಟ್ಟಿಯಾಗಿಡಲಿ, ಬುದ್ಧಿಯನ್ನೂ ಅದರ ಜೊತೆಗೇ.

ನಿನ್ನ ತಾಯಿ,
ಹೆಸ್ಟರ್ ಕೆಂಡ್ರ್ಯೂ

ಮರೆತಿದ್ದೆ: ಸಂಜೆಯ ಪ್ರಾರ್ಥನೆಗೆ ಗಂಟೆ ಹೊಡೆಯುತ್ತಿದೆ, ಬೇಗ ಬರೆಯುತ್ತೇನೆ. ಗೇಣಿ ದಿನ ಏಜೆಂಟನ ಮುಂದೆ ನಾನು ಹೇಳುವ ಹೆಸರು ಮೋನಾಳದ್ದು, ನಿನ್ನದಲ್ಲ. ಅವಳಿಗೆ ಹೇಳಿಯಾಗಿದೆ. ಅವಳು ಹಾಕಿದ ಷರತ್ತು ಒಂದೇ, ನೀನು ಬಂದರೆ ಬಾಗಿಲು ತೆಗೆಯಬೇಕಂತೆ. ಒಪ್ಪಿದ್ದೇನೆ. ಬರುವ ಶನಿವಾರ ಅವಳು ಮೇಲಿನ ತೋಪಿಗೆ, ನಾನು ಮೊಲಗಳ ಬೇಲಿಗೆ. ಕೆಳಗಿನ ತೋಪು ಖಾಲಿ ಇದೆ. ಬರುವುದಾದರೆ ಕೋವಿಯನ್ನು ಎಲ್ಲಿಂದಲಾದರೂ ಎರವಲು ತಾ, ತೋಟಾಗಳನ್ನು ನೀನೇ ಕೊಂಡು ತಾ. ಮನೆಯಲ್ಲಿದ್ದದ್ದನ್ನೆಲ್ಲ ನಿನ್ನ ಹೆಂಡತಿ ಮೋಡಕ್ಕೆ ಹೊಡೆದಿದ್ದಾಳೆ.